ಈ ಪಂಚ್ ಹೊಡೆಸಿದವರು ಯಾರು?

ಹಳೆಯ ಜರ್ಮನ್ ಗೋಡೆ ಗಡಿಯಾರ ಕೊಳ್ಳಲು ಬಂದವರು ಅದರ ಮುಖ ನೋಡುತ್ತಾರೆ. ಡಯಲ್ ಬಿರುಕು ಬಿಟ್ಟಿದೆಯೇ, ಮುಳ್ಳುಗಳು ಮೂಲದವೇ, ಪೆಟ್ಟಿಗೆಯ ನೆತ್ತಿಯ ಮೇಲಿನ ಮರದ ಕುದುರೆಗೆ ನಾಲ್ಕೂ ಕಾಲು ಇವೆಯೇ ಎಂದು ವಿಚಾರಿಸುತ್ತಾರೆ. ನನಗೆ ಬೇಕಾದದ್ದು ಬೆನ್ನು. ಲೋಲಕ ಕಳಚಿ, ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಹಿಂಬದಿಯ ಹಿತ್ತಾಳೆ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ: ಎಂಟು ಮೂಲೆಯ ನಕ್ಷತ್ರ, ಅಡ್ಡಡ್ಡ ಹಾಯ್ದ ಎರಡು ಬಾಣ, ಲಂಗರಿನ ಚಿತ್ರ, ಒಂದು ಸಾಲು ಇಂಗ್ಲಿಷ್, ನಾಲ್ಕೈದು ಅಂಕಿ. ಬೆನ್ನು ತೋರಿಸಲು ಒಪ್ಪದ ಅಂಗಡಿಯಲ್ಲಿ ನಾನು ವ್ಯಾಪಾರ ಮುಂದುವರಿಸುವುದಿಲ್ಲ.

ಇದು ಕಸುಬಿನಿಂದ ಬಂದ ಚಾಳಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಡೈ, ಪಂಚ್ ತಯಾರಿಸಿ ನಿವೃತ್ತನಾದವನು ನಾನು. ಒಂದು ಪಂಚ್ ಮಾಡಬೇಕಾದರೆ ಒಳ್ಳೆಯ ಉಕ್ಕು ಬೇಕು, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆಯಬೇಕು, ಕಾಯಿಸಿ ಹದ ಹಾಕಬೇಕು. ಆಮೇಲೆ ಪ್ರತಿ ತಟ್ಟೆಗೂ ಒಂದು ಹೊಡೆತ ಹೆಚ್ಚು, ಒಂದು ಕೈ ಹೆಚ್ಚು, ಸ್ವಲ್ಪ ಹೊತ್ತು ಹೆಚ್ಚು. ಪೈಸೆ ಪೈಸೆ ಎಣಿಸುವ ಕಾರ್ಖಾನೆಯವರು ನೂರು ವರ್ಷದ ಮೇಲೆ ಬರುವ ಸಂಗ್ರಾಹಕನಿಗೆ ಅನುಕೂಲವಾಗಲಿ ಎಂದು ಈ ಖರ್ಚಿಗೆ ಒಪ್ಪಿದವರಲ್ಲ. ಯಾರೋ ಒತ್ತಾಯಿಸಿದ್ದರಿಂದ ಅಥವಾ ಏನೋ ಲಾಭ ಕಂಡದ್ದರಿಂದ ಒಪ್ಪಿದರು. ಸುಂಕದವನು, ಪ್ರತಿಸ್ಪರ್ಧಿ, ನ್ಯಾಯಾಲಯ, ಗೆದ್ದ ಸೈನ್ಯ: ಇವರಲ್ಲಿ ಯಾರ ಸಲುವಾಗಿ ಈ ಗುರುತು ಬಿತ್ತು ಎಂದು ಕೇಳಿಕೊಂಡರೆ ಕಾಲ ತಾನಾಗಿ ಹತ್ತಿರ ಬರುತ್ತದೆ. ಬರೀ ಚಿತ್ರ ನೋಡಿ ಪುಸ್ತಕದಲ್ಲಿ ಹುಡುಕುವವರು ಇಲ್ಲೇ ಎಡವುತ್ತಾರೆ.

ಎಲ್ಲರೂ ಮೊದಲು ಓದುವ ಸಾಲು ‘ಮೇಡ್ ಇನ್ ಜರ್ಮನಿ’. ಇದನ್ನು ಜರ್ಮನರು ಹೆಮ್ಮೆಯಿಂದ ಕೆತ್ತಿಕೊಂಡದ್ದು ಎಂದು ನಮ್ಮ ಕಾರ್ಖಾನೆಯಲ್ಲಿ ಎಷ್ಟೋ ಜನ ತಿಳಿದಿದ್ದರು. ಹೊಡೆಸಿದವರು ಇಂಗ್ಲಿಷರು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಜರ್ಮನಿಯ ಪರವಾಗಿ ಹೋಗಿದ್ದ ಯಂತ್ರಶಾಸ್ತ್ರದ ಪ್ರೊಫೆಸರ್ ಫ್ರಾಂಟ್ಸ್ ರೂಲೋ, ತನ್ನ ದೇಶದ ಸರಕು ಅಗ್ಗ ಮತ್ತು ಕಳಪೆ ಎಂದು ಅಲ್ಲಿಂದಲೇ ಬರೆದು ಊರಿನವರ ಸಿಟ್ಟಿಗೆ ಗುರಿಯಾದ. ಆತ ಹೇಳಿದ್ದರಲ್ಲಿ ಸತ್ಯವಿತ್ತು. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗಳಿಗೆ ಹೆಸರಾದ ಊರು. ಜರ್ಮನಿಯ ಸೋಲಿಂಗನ್ ಅದಕ್ಕೆ ಎದುರಾಳಿ. ಸೋಲಿಂಗನ್ನಿನ ಕೆಲವು ತಯಾರಕರು ತಮ್ಮ ಮಾಲಿಗೆ ಶೆಫೀಲ್ಡಿನ ಗುರುತು ಹೊಡೆದು ಸಾಗಿಸುತ್ತಿದ್ದರು. ಶೆಫೀಲ್ಡಿನವರ ಕೂಗು ಪಾರ್ಲಿಮೆಂಟಿಗೆ ಮುಟ್ಟಿತು. 1887ರ ಆಗಸ್ಟ್‌ನಲ್ಲಿ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಬಂತು. ಹೊರದೇಶದ ಸರಕು ಇಂಗ್ಲಿಷ್ ಸರಕಿನ ವೇಷದಲ್ಲಿ ಬರಕೂಡದು, ಮೂಲ ಎಲ್ಲಿಯದು ಎಂದು ಕಾಣುವಂತಿರಬೇಕು ಎಂದಾಯಿತು. ಗಿರಾಕಿ ಆ ಸಾಲು ಓದಿ ಮೂಗು ಮುರಿಯಲಿ ಎಂಬುದು ಅದರ ಹಿಂದಿನ ಆಸೆ.

ಆದದ್ದು ಬೇರೆ. ರೂಲೋನ ಮಾತು ಚುಚ್ಚಿದ್ದರಿಂದಲೋ ಪೈಪೋಟಿಯ ಬಿಸಿಯಿಂದಲೋ ಜರ್ಮನ್ ಕಾರ್ಖಾನೆಗಳು ಬೇಗ ಸುಧಾರಿಸಿದವು. 1896ರ ಹೊತ್ತಿಗೆ ಅರ್ನೆಸ್ಟ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಪತ್ರಕರ್ತ ಇದೇ ಮೂರು ಪದಗಳನ್ನು ಹೆಸರಾಗಿಟ್ಟು, ನಿಮ್ಮ ಮನೆಯ ತುಂಬ ಜರ್ಮನ್ ಸಾಮಾನೇ ತುಂಬಿದೆ ನೋಡಿಕೊಳ್ಳಿ ಎಂದು ದೇಶವಾಸಿಗಳನ್ನು ಎಚ್ಚರಿಸುವ ಪುಸ್ತಕ ಬರೆದ. ಅವಮಾನಕ್ಕೆಂದು ಹೊಡೆಸಿದ ಪಂಚ್ ಹತ್ತು ವರ್ಷದೊಳಗೆ ಜಾಹೀರಾತಾಗಿ ಕೂತಿತ್ತು.

ನಮ್ಮಂಥವರಿಗೆ ಇದರಿಂದ ಸಿಗುವ ಲೆಕ್ಕ ಇಷ್ಟು. ಬ್ರಿಟಿಷ್ ಇಂಡಿಯಾದಲ್ಲೂ 1889ರಲ್ಲಿ ಇದೇ ಬಗೆಯ ಕಾಯ್ದೆ ಜಾರಿಗೆ ಬಂತು. ಅಮೆರಿಕದವರು 1890ರ ಮ್ಯಾಕಿನ್ಲಿ ಸುಂಕ ಕಾಯ್ದೆಯಲ್ಲಿ, ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ವಿಧಿಸಿದರು. ಹಾಗಾಗಿ ಇಂಗ್ಲಿಷಿನಲ್ಲಿ ಜರ್ಮನಿ ಎಂದು ಬರೆದ ತಟ್ಟೆ ಹೆಚ್ಚುಕಡಿಮೆ 1887ರ ಈಚೆಯದು, ರಫ್ತಿಗೆಂದು ಮಾಡಿದ್ದು. ಇದನ್ನು ತಲೆಕೆಳಗು ಮಾಡಿ ಓದುವವರು ಬಹಳ. ಆ ಸಾಲು ಇಲ್ಲವಾದ್ದರಿಂದ 1887ಕ್ಕಿಂತ ಹಳೆಯದು ಎಂದು ಬೆಲೆ ಏರಿಸುತ್ತಾರೆ. ಸ್ಟುಟ್‌ಗಾರ್ಟಿನ ಅಡುಗೆಮನೆಯಲ್ಲಿ ತೂಗುಹಾಕಲು ಮಾಡಿದ ಗಡಿಯಾರಕ್ಕೆ ಇಂಗ್ಲಿಷ್ ಯಾಕೆ ಬೇಕು? 1930ರಲ್ಲೂ ಆ ಸಾಲಿಲ್ಲದ ಯಂತ್ರಗಳು ಧಾರಾಳವಾಗಿ ಹೊರಬಂದಿವೆ.

ಇನ್ನು ಚುಕ್ಕಿ ಇಟ್ಟ ಅಕ್ಷರಗಳು. ‘ಡಿ.ಆರ್.ಪಿ.’ ಎಂದರೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್. ಬಿಡಿ ಬಿಡಿ ಸಂಸ್ಥಾನಗಳಾಗಿದ್ದ ನಾಡು 1871ರಲ್ಲಿ ಒಂದು ಸಾಮ್ರಾಜ್ಯವಾಯಿತು. 1877ರಲ್ಲಿ ಇಡೀ ದೇಶಕ್ಕೆ ಒಂದೇ ಪೇಟೆಂಟ್ ಕಾನೂನು ಬಂತು. ‘ಡಿ.ಆರ್.ಜಿ.ಎಂ.’ ಅದರ ತಮ್ಮ. ದೊಡ್ಡ ಆವಿಷ್ಕಾರವಲ್ಲದ, ಆದರೆ ಉಪಯೋಗಕ್ಕೆ ಬರುವ ಸಣ್ಣ ಸುಧಾರಣೆಗಳಿಗೆ 1891ರ ಅಕ್ಟೋಬರಿನಿಂದ ಕೊಟ್ಟ ನೋಂದಣಿ ಅದು. ಲೋಲಕದ ಕೊಕ್ಕೆಯನ್ನು ಹೊಸ ರೀತಿ ಬಗ್ಗಿಸಿದರೂ ಒಂದು ನಂಬರು ಸಿಗುತ್ತಿತ್ತು. ಒಂದರಿಂದ ಶುರುವಾದ ನಂಬರು ಹತ್ತು ವರ್ಷದೊಳಗೆ ಲಕ್ಷ ದಾಟಿತು. ಸರಣಿ ಒಂದೇ ಆದ್ದರಿಂದ ನಂಬರು ಗೊತ್ತಾದರೆ ನೋಂದಣಿಯ ವರ್ಷ ಗೊತ್ತಾದಂತೆಯೇ.

ನೋಂದಣಿಯ ವರ್ಷ ತಯಾರಿಕೆಯ ವರ್ಷವಲ್ಲ. ಆ ರಕ್ಷಣೆ ಸಿಗುತ್ತಿದ್ದದ್ದು ಮೊದಲಿಗೆ ಮೂರು ವರ್ಷ, ಹಣ ಕಟ್ಟಿ ಮುಂದುವರಿಸಿದರೆ ಇನ್ನೊಂದು ಮೂರು ವರ್ಷ. ಆರು ವರ್ಷ ಮುಗಿದ ದಿನವೇ ಯಾವ ಟೂಲ್‌ರೂಮೂ ಅಕ್ಷರ ಕೊರೆದ ಡೈಯನ್ನು ಗುಜರಿಗೆ ಹಾಕಿರಲಾರದು. ಚೆನ್ನಾಗಿ ಹೊಡೆಯುವ ಡೈ ಮೂಲೆ ಸವೆಯುವ ತನಕ ಪ್ರೆಸ್ಸಿನಲ್ಲೇ ಇರುತ್ತದೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಈ ಅಕ್ಷರಗಳಿಗೆ ಮುಕ್ತಾಯ ಬಂದದ್ದು 1945ರಲ್ಲಿ, ಸಾಮ್ರಾಜ್ಯದ ಹೆಸರೇ ಅಳಿದಾಗ. ಆಮೇಲಿನ ಪಶ್ಚಿಮ ಜರ್ಮನಿಯ ನೋಂದಣಿಯಲ್ಲಿ ‘ಆರ್’ ಜಾಗಕ್ಕೆ ‘ಬಿ’ ಬಂತು.

ತಯಾರಕರ ಗುರುತಿಗೆ ಬರೋಣ. ಸ್ಟುಟ್‌ಗಾರ್ಟಿಗೆ ತರಬೇತಿಗೆ ಕಳಿಸಿದ್ದಾಗ ಒಂದು ರಜೆಯ ದಿನ ನಾನು ಕಪ್ಪು ಅರಣ್ಯದ ಅಂಚಿನ ಶ್ರಾಂಬೆರ್ಗ್ ನೋಡಿಬಂದೆ. ಕಡಿದಾದ ಕಣಿವೆಯಲ್ಲಿ ಊರು, ಗುಡ್ಡದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಒರಗಿದ ಯುಂಗ್‌ಹಾನ್ಸ್ ಕಾರ್ಖಾನೆಯ ಕಟ್ಟಡ. ಒಂಬತ್ತು ಅಂತಸ್ತಿನ ಅದನ್ನು ಕಟ್ಟಿ ಮುಗಿಸಿದ್ದು 1918ರಲ್ಲಿ. ಪ್ರತಿ ಅಂತಸ್ತೂ ಒಂದಿಷ್ಟು ಹಿಂದೆ ಸರಿದಿರುವುದರಿಂದ ಕೂತು ಕೆಲಸ ಮಾಡುವವನ ಮೇಜಿಗೆ ನೇರ ಹಗಲು ಬೆಳಕು ಬೀಳುತ್ತದೆ. ಸಣ್ಣ ಭಾಗಗಳ ಜೊತೆ ಹೆಣಗಿದವರಿಗೆ ಮಾತ್ರ ಆ ಕಿಟಕಿಗಳ ಬೆಲೆ ತಿಳಿಯುತ್ತದೆ.

ಎರ್ಹಾರ್ಡ್ ಯುಂಗ್‌ಹಾನ್ಸ್ ಈ ಸಂಸ್ಥೆಯನ್ನು 1861ರಲ್ಲಿ ಶುರುಮಾಡಿದ. ಅಲ್ಲಿಯವರೆಗೆ ಕಪ್ಪು ಅರಣ್ಯದ ರೈತರು ಚಳಿಗಾಲದಲ್ಲಿ ಮನೆಯಲ್ಲೇ ಕೂತು ಮರದ ಗಡಿಯಾರ ಮಾಡುತ್ತಿದ್ದರು. ಯಂತ್ರದಲ್ಲಿ ಒತ್ತಿ ತೆಗೆದ ಅಮೆರಿಕದ ಅಗ್ಗದ ಗಡಿಯಾರಗಳು ಅವರ ಮಾರುಕಟ್ಟೆ ಕಿತ್ತುಕೊಂಡವು. ಯುಂಗ್‌ಹಾನ್ಸ್ ಅದೇ ಅಮೆರಿಕನ್ ಪದ್ಧತಿಯನ್ನು ತನ್ನ ಕಣಿವೆಗೆ ತಂದ. ಎಲ್ಲ ಭಾಗಗಳನ್ನೂ ಅಚ್ಚಿನಲ್ಲಿ ಒತ್ತಿ, ಯಾವುದನ್ನು ಯಾವುದಕ್ಕೆ ಜೋಡಿಸಿದರೂ ಕೂರುವಂತೆ ಮಾಡುವ ಪದ್ಧತಿ ಅದು. 1903ರಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಕೆಲಸಗಾರರೊಂದಿಗೆ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಗಡಿಯಾರ ಹೊರಡಿಸುತ್ತಿದ್ದ ಅದು ಲೋಕದಲ್ಲೇ ಅತಿ ದೊಡ್ಡ ಗಡಿಯಾರ ಕಾರ್ಖಾನೆ. ಅದರ ಗುರುತು ನಕ್ಷತ್ರ, ನಡುವೆ ‘ಜೆ’ ಅಕ್ಷರ. 1888ರಲ್ಲಿ ನೋಂದಾಯಿಸಿದ ನಕ್ಷತ್ರಕ್ಕೆ ಐದು ಮೂಲೆ. ಹಲ್ಲಿನ ಚಕ್ರವನ್ನು ನೆನಪಿಸುವ ಎಂಟು ಮೂಲೆಯದು 1890ರದ್ದು. ಮೂಲೆ ಎಣಿಸುವುದು ಮಕ್ಕಳಾಟದಂತೆ ಕಾಣಬಹುದು, ಆದರೆ ಎಂಟು ಇದ್ದರೆ 1890ರ ಹಿಂದಕ್ಕೆ ಹೋಗುವಂತಿಲ್ಲ.

ಯುಂಗ್‌ಹಾನ್ಸ್ ಯಂತ್ರಗಳಲ್ಲಿ ಇನ್ನೊಂದು ಪುಟ್ಟ ಪಂಚ್ ಸಿಗುವುದುಂಟು: ‘ಎ’ ಅಥವಾ ‘ಬಿ’, ಪಕ್ಕದಲ್ಲಿ ಎರಡು ಅಂಕಿ. ಅಂಕಿ ವರ್ಷವನ್ನೂ, ‘ಎ’ ಆ ವರ್ಷದ ಮೊದಲ ಅರ್ಧವನ್ನೂ, ‘ಬಿ’ ಎರಡನೆಯ ಅರ್ಧವನ್ನೂ ಹೇಳುತ್ತದೆ. ಇದು ಕಾರ್ಖಾನೆ ತನ್ನ ಲೆಕ್ಕಕ್ಕೆ ತಾನೇ ಹೊಡೆದುಕೊಂಡದ್ದು. ಗಿರಾಕಿಗೆ ತೋರಿಸುವ ಉದ್ದೇಶ ಇಲ್ಲದ್ದರಿಂದ ಇದರಲ್ಲಿ ಬಡಿವಾರವೂ ಇಲ್ಲ. ನಾನು ಅತಿ ಹೆಚ್ಚು ನಂಬುವ ಗುರುತು ಇದೇ. ಅದರ ಹತ್ತಿರವೇ 42, 105 ಎಂಬಂಥ ಅಂಕಿಗಳಿದ್ದರೆ ಅವಕ್ಕೂ ವರ್ಷಕ್ಕೂ ಸಂಬಂಧವಿಲ್ಲ. ಮೊದಲನೆಯದು ಲೋಲಕದ ಉದ್ದ ಸೆಂಟಿಮೀಟರಿನಲ್ಲಿ, ಎರಡನೆಯದು ನಿಮಿಷಕ್ಕೆ ಎಷ್ಟು ಬಡಿತ ಎಂಬುದು. 105ನ್ನು ತೋರಿಸಿ 1905ನೇ ಇಸವಿಯದು ಎಂದು ವಾದಿಸಿದ ಒಬ್ಬ ವ್ಯಾಪಾರಿಗೆ, ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ಕೈಗಡಿಯಾರ ಹಿಡಿದು ಟಿಕ್ ಟಿಕ್ ಎಣಿಸಿ ತೋರಿಸಿದ್ದೇನೆ. ಅವನು ಬೆಲೆ ಇಳಿಸಲಿಲ್ಲ, ಅದು ಬೇರೆ ಮಾತು.

ಹೆಸರು ನಂಬಿ ಊರು ಹೇಳುವುದೂ ಅಪಾಯ. ಅಡ್ಡಬಾಣದ ಗುರುತಿನ ಹಾಂಬುರ್ಗ್ ಅಮೆರಿಕನ್ ಕ್ಲಾಕ್ ಕಂಪನಿ ಇದ್ದದ್ದು ಹಾಂಬುರ್ಗ್ ಬಂದರಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ಅದು ಇದೇ ಶ್ರಾಂಬೆರ್ಗ್ ಊರಿನದು. ಯುಂಗ್‌ಹಾನ್ಸ್‌ನಲ್ಲಿದ್ದ ಪೌಲ್ ಲಾಂಡೆನ್‌ಬೆರ್ಗರ್ 1875ರಲ್ಲಿ ಹೊರಬಂದು ಪಾಲುದಾರನ ಜೊತೆ ಕಟ್ಟಿದ ಸಂಸ್ಥೆ. ಗುಸ್ಟಾವ್ ಬೆಕರ್ ಗಡಿಯಾರಗಳ ಮೇಲಿನ ಫ್ರೈಬುರ್ಗ್ ಎಂಬ ಹೆಸರು ಇನ್ನೂ ಹೆಚ್ಚು ಜನರನ್ನು ದಾರಿ ತಪ್ಪಿಸಿದೆ. ಕಪ್ಪು ಅರಣ್ಯದ ಪಕ್ಕದಲ್ಲೇ ಫ್ರೈಬುರ್ಗ್ ಎಂಬ ಪ್ರಸಿದ್ಧ ನಗರ ಇದೆಯಲ್ಲ, ಎಲ್ಲರೂ ಅದೇ ಎಂದುಕೊಳ್ಳುತ್ತಾರೆ. ಬೆಕರ್ 1847ರಲ್ಲಿ ಅಂಗಡಿ ಇಟ್ಟದ್ದು ಪೂರ್ವದ ಸೈಲೀಷಿಯಾದ ಫ್ರೈಬುರ್ಗಿನಲ್ಲಿ. 1945ರ ನಂತರ ಆ ಊರು ಪೋಲೆಂಡಿಗೆ ಸೇರಿ ಹೆಸರೂ ಬದಲಾಯಿತು.

ಬೆಕರ್ ಗಡಿಯಾರಗಳ ಮೇಲೆ ಲಂಗರಿನ ಜೊತೆ ಕ್ರಮಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ 1875ರ ಹೊತ್ತಿಗೆ ಒಂದು ಲಕ್ಷ, 1892ರ ಹೊತ್ತಿಗೆ ಹತ್ತು ಲಕ್ಷ ಮುಟ್ಟಿತ್ತು. ನಡುವಿನ ಸಂಖ್ಯೆ ಸಿಕ್ಕರೆ ಅಂದಾಜು ಕಟ್ಟಬಹುದು. 1899ರಲ್ಲಿ ಅದು ಊರಿನ ಉಳಿದ ಕಾರ್ಖಾನೆಗಳ ಜೊತೆ ಸೇರಿ ಒಂದೇ ಕಂಪನಿಯಾಯಿತು. 1930ರ ಹೊತ್ತಿಗೆ ಬೆಕರ್, ಅಡ್ಡಬಾಣ ಎರಡೂ ಯುಂಗ್‌ಹಾನ್ಸ್ ಹೊಟ್ಟೆಗೆ ಹೋದವು. ಆದರೆ ಮಾರುಕಟ್ಟೆಯಲ್ಲಿ ಓಡುವ ಹೆಸರನ್ನು ಕೊಂಡವರು ಕೂಡಲೇ ಅಳಿಸುವುದಿಲ್ಲ. ಅದರಿಂದ ವಿಲೀನದ ವರ್ಷವನ್ನೇ ಗುರುತಿನ ಕೊನೆಯ ವರ್ಷ ಎಂದು ಹಿಡಿಯಲಾಗದು.

ಸೋತ ದೇಶಕ್ಕೆ ಗೆದ್ದವರೂ ಪಂಚ್ ಹೊಡೆಸಿದರು. 1945ರ ಮೇಲೆ ಜರ್ಮನಿ ನಾಲ್ಕು ವಲಯವಾಯಿತು. ಅಮೆರಿಕನ್ ವಲಯ ಎಂದು ಇಂಗ್ಲಿಷಿನಲ್ಲಿ ಬರೆದ ಗುರುತು ನ್ಯೂರೆಂಬರ್ಗಿನ ತಗಡಿನ ಆಟಿಕೆಗಳ ಮೇಲೆ, ಬವೇರಿಯಾದ ಪಿಂಗಾಣಿ ಗೊಂಬೆಗಳ ಅಡಿಯಲ್ಲಿ ಸಿಗುತ್ತದೆ. ಅದು ತೋರಿಸುವುದು ನಾಲ್ಕೈದು ವರ್ಷದ ಕಿರಿದಾದ ಅವಧಿಯನ್ನು. ಶ್ರಾಂಬೆರ್ಗ್ ಇದ್ದದ್ದು ಫ್ರೆಂಚರ ವಲಯದಲ್ಲಿ. ಅಲ್ಲಿಯ ಗಡಿಯಾರದ ಮೇಲೆ ಅಮೆರಿಕನ್ ವಲಯದ ಪಂಚ್ ಕಂಡರೆ ನನ್ನ ಹುಬ್ಬು ಮೇಲೇರುತ್ತದೆ. 1949ರಿಂದ 1990ರ ತನಕ ‘ವೆಸ್ಟ್ ಜರ್ಮನಿ’ ಎಂಬುದು ಎಷ್ಟೋ ಸರಕಿನ ಮೇಲೆ ಬಂತು. ಅದನ್ನು ಕಂಡೂ ನೂರು ವರ್ಷದ್ದು ಎನ್ನುವವರಿಗೆ ಭೂಪಟ ತೋರಿಸಬೇಕು.

ಮೈಸೆನ್ ಪಿಂಗಾಣಿಯವರ ದಾರಿ ಬೇರೆ. ಅಲ್ಲಿ ಪಂಚ್ ಇಲ್ಲ, ಕುಂಚ. ಯೂರೋಪಿನಲ್ಲಿ ನಿಜವಾದ ಗಟ್ಟಿ ಪಿಂಗಾಣಿ ಮೊದಲು ಕೈಗೆ ಹತ್ತಿದ್ದು ಸ್ಯಾಕ್ಸನಿಯ ದೊರೆ ಆಗಸ್ಟಸ್‌ನ ಆಳುಗಳಿಗೆ. 1710ರಲ್ಲಿ ಮೈಸೆನ್ ಕಾರ್ಖಾನೆ ಸ್ಥಾಪನೆಯಾಯಿತು. ಗುಟ್ಟು ಸೋರಿ ಬೇರೆ ಕಡೆಯೂ ಪಿಂಗಾಣಿ ಶುರುವಾಗುತ್ತಲೇ ತಮ್ಮದನ್ನು ಗುರುತಿಸುವ ಅಗತ್ಯ ಬಿತ್ತು. 1722ರಿಂದ ದೊರೆಯ ಲಾಂಛನದ ಅಡ್ಡಕತ್ತಿಗಳನ್ನು ಹೊಳಪಿನ ಲೇಪದ ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಬರೆಯತೊಡಗಿದರು. ಕತ್ತಿಗಳ ನಡುವೆ ಹಿಡಿಯ ಬಳಿ ಚುಕ್ಕಿ ಇದ್ದರೆ 1763ರಿಂದ 1774ರ ಒಳಗಿನದು. ಅದರ ಮುಂದಿನ ನಾಲ್ಕು ದಶಕ, ಮಾರ್ಕೊಲೀನಿ ಎಂಬ ಕೌಂಟ್ ಅಧಿಕಾರಿಯಾಗಿದ್ದಾಗ, ನಕ್ಷತ್ರ. ಕತ್ತಿಯ ತುದಿಗಳ ನಡುವೆ ಚುಕ್ಕಿ ಬಂದರೆ 1924ರಿಂದ 1934. ಕತ್ತಿಗಳ ಮೇಲೆ ಅಡ್ಡಗೀರು ಕೊರೆದಿದ್ದರೆ ಅದು ಎರಡನೆಯ ದರ್ಜೆಯ ಮಾಲು. ತನ್ನ ದೋಷವನ್ನು ತಾನೇ ಗೀರಿ ತೋರಿಸಿದ ಕಾರ್ಖಾನೆ ಎಂದು ನನಗೆ ಅದರ ಮೇಲೆ ಗೌರವ. ಆದರೂ ಇಷ್ಟೊಂದು ಹೆಸರಾದ ಗುರುತನ್ನು ಕದಿಯದೆ ಬಿಟ್ಟಾರೆಯೇ? ಪ್ಯಾರಿಸ್ಸಿನಿಂದ ಥುರಿಂಗಿಯಾದ ತನಕ ಅಡ್ಡಕತ್ತಿಯನ್ನು ಹೋಲುವ ಗೆರೆಗಳನ್ನು ಎಷ್ಟೋ ಜನ ಎಳೆದರು. 1875ರಲ್ಲಿ ಮೈಸೆನ್ ತನ್ನ ಕತ್ತಿಗಳನ್ನು ಹೊಸ ಕಾನೂನಿನಡಿ ನೋಂದಾಯಿಸಿದ್ದಕ್ಕೆ ಈ ಕಳ್ಳರೇ ಕಾರಣ.

ಗುರುತಿನೊಳಗೇ ಇಸವಿ ಇದ್ದರೆ ಚಿಂತೆ ಇಲ್ಲವಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಕರಾವಳಿಯ ಮಾಡಿನ ಮೇಲೆಯೇ ಇದೆ. ಬಾಸೆಲ್ ಮಿಷನ್ನಿನ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಂಗಳೂರಿಗೆ ಬಂದವರಲ್ಲಿ ಬಹುಮಂದಿ ಜರ್ಮನರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ವ್ಯುರ್ಟೆಂಬರ್ಗಿನಲ್ಲಿ. ಶ್ರಾಂಬೆರ್ಗ್ ಕೂಡ ಅದೇ ರಾಜ್ಯದ ಊರು. ಗೇಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಅಲ್ಲಿಯ ಹೆಂಚಿನ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865 ಎಂಬ ಅಚ್ಚು. ನನ್ನ ಹೆಂಡತಿಯ ತವರು ಬಂಟ್ವಾಳದ ಕಡೆ. ಆ ಮನೆಯ ಮಾಡು ಕಳಚಿದಾಗ ಭಾವ ಒಂದು ಹೆಂಚು ಎತ್ತಿಹಿಡಿದು, “ನೋಡಿ ಭಾವ, ನಮ್ಮ ಮನೆ 1865ರದ್ದು” ಎಂದರು. ಮನೆ ಕಟ್ಟಿಸಿದವರು ಅವರ ಅಜ್ಜ, ಅಜ್ಜ ಆಗಿನ್ನೂ ಹುಟ್ಟಿರಲೇ ಇಲ್ಲ. ಆ ಇಸವಿ ಕಾರ್ಖಾನೆ ತೆರೆದದ್ದರದು. ಅಚ್ಚಿನಲ್ಲಿ ಕೂತ ಮೇಲೆ ಹೆಂಚು ಸುಟ್ಟಷ್ಟೂ ಕಾಲ ಅದೇ ಇಸವಿ. ಮಂಗಳೂರಿನ ಆಲ್ಬುಕರ್ಕ್ ಹೆಂಚಿನ ಮೇಲಿನ 1868 ಕೂಡ ಹೀಗೆಯೇ. ಗುರುತು ಹಾಕಿಸಿದ್ದು ನಾವು ಹಳಬರು, ನಂಬಿ ಕೊಳ್ಳಿ ಎಂದು ಹೇಳಲಿಕ್ಕೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಹೆಂಚಿನ ಮೇಲೆ ಮಿಷನ್ನಿನ ಹೆಸರಿದ್ದರೆ ಈ ಕೈಬದಲಾವಣೆಯ ಹಿಂದಿನದು ಎಂಬುದು 1865 ಎಂಬ ಅಂಕಿಗಿಂತ ಹೆಚ್ಚು ಉಪಯೋಗದ ಸುಳಿವು.

ಕಳ್ಳ ಪಂಚ್ ಹಿಡಿಯುವುದು ಹೇಗೆಂದು ಕೇಳುವವರಿಗೆ ಟೂಲ್‌ರೂಮಿನ ಬುದ್ಧಿ ಹೇಳುತ್ತೇನೆ. ಪಂಚ್ ಲೋಹವನ್ನು ತೆಗೆದುಹಾಕುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ ಹಿತ್ತಾಳೆ ಅಕ್ಷರದ ಅಂಚಿನಲ್ಲಿ ಸಣ್ಣಗೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಹೊಡೆದ ಮೇಲೆ ತಟ್ಟೆಗೆ ಪಾಲಿಶ್ ಆಗುತ್ತಿದ್ದುದರಿಂದ ಆ ಉಬ್ಬು ಕರಗಿರುತ್ತದೆ. ಹಳೆಯ ತಟ್ಟೆಗೆ ಈಚೆಗೆ ಹೊಡೆದಿದ್ದರೆ ಉಬ್ಬು ಉಗುರಿಗೆ ತಾಕುತ್ತದೆ, ಸುತ್ತ ಕಪ್ಪಾದ ಹಿತ್ತಾಳೆಯ ನಡುವೆ ಅಕ್ಷರದ ತಳ ಮಾತ್ರ ಹೊಸ ಚಿನ್ನದಂತೆ ಹೊಳೆಯುತ್ತದೆ. ಲೇಸರಿನಲ್ಲಿ ಬರೆದದ್ದಾದರೆ ತಳ ಸುಟ್ಟು ಒರಟಾಗಿರುತ್ತದೆ. ಡಯಲಿನ ಮೇಲಿನ ಹೆಸರಿಗೆ ಮಾತ್ರ ಮರುಳಾಗಬೇಡಿ. ಅದು ಹಲವು ವೇಳೆ ಮಾರಿದ ಅಂಗಡಿಯದು. ಡಯಲ್ ಒಂದರದು, ಯಂತ್ರ ಇನ್ನೊಂದರದು, ಪೆಟ್ಟಿಗೆ ನಮ್ಮ ಊರಿನ ಆಚಾರಿಯದು ಆಗಿರುವುದೂ ಸಾಮಾನ್ಯ.

ಈಗ ಸ್ನೇಹಿತರು ಗಡಿಯಾರ ತಂದರೆ ನಾನು ಒಂದು ಚೀಟಿ ಬರೆದುಕೊಡುತ್ತೇನೆ. ಮೊನ್ನೆ ಬಂದದ್ದು ಹೀಗಿತ್ತು. ಎಂಟು ಮೂಲೆಯ ನಕ್ಷತ್ರ: 1890ರ ಈಚೆಗೆ. ಇಂಗ್ಲಿಷಿನಲ್ಲಿ ದೇಶದ ಹೆಸರು: ರಫ್ತಿನ ಮಾಲು. ‘ಬಿ 11’: 1911ರ ಎರಡನೆಯ ಅರ್ಧ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಸರಕಿಗೆ ಇಲ್ಲಿಯ ಬಾಗಿಲು ಮುಚ್ಚಿತಾದ್ದರಿಂದ, ಅದಕ್ಕೆ ಮೊದಲೇ ಬಂದಿರಬೇಕು ಎಂಬುದು ಊಹೆ. ಪೆಟ್ಟಿಗೆಯ ಮೇಲೆ ಗುರುತಿಲ್ಲ, ಅದರ ಬಗ್ಗೆ ಏನನ್ನೂ ಬರೆಯಲಿಲ್ಲ. ಸ್ನೇಹಿತರಿಗೆ ಸ್ವಲ್ಪ ನಿರಾಸೆಯಾಯಿತು, ನೂರೈವತ್ತು ವರ್ಷದ್ದೆಂದು ಹೇಳಿ ಮಾರಿದ್ದರಂತೆ. ಬಹುಪಾಲು ಗಡಿಯಾರಗಳಿಗೆ ಇಷ್ಟು ಖಚಿತ ಉತ್ತರವೂ ಸಿಗುವುದಿಲ್ಲ. ಇಂಥ ವರ್ಷಕ್ಕಿಂತ ಹಿಂದಿನದಲ್ಲ ಎಂದು ಕಾನೂನು ಹೇಳುತ್ತದೆ, ಇಂಥ ವರ್ಷದ ಮುಂದಿನದಿರಲಾರದು ಎಂದು ಯುದ್ಧವೋ ದಿವಾಳಿಯೋ ಹೇಳುತ್ತದೆ, ನಡುವೆ ಇಪ್ಪತ್ತು ಮೂವತ್ತು ವರ್ಷದ ಅಂತರ ಉಳಿಯುತ್ತದೆ. ಅಂಗಡಿಯವರು ಎರಡು ವರ್ಷಗಳ ಬದಲು ಒಂದೇ ವರ್ಷ ಹೇಳಿದರೆ, ಅದು ಯಾವ ಪಂಚಿನಿಂದ ತಿಳಿಯಿತು ಎಂದು ಕೇಳಿ. ತಟ್ಟೆ ತಿರುಗಿಸಿ ತೋರಿಸಿದರೆ ದುಡ್ಡು ಎಣಿಸಿ.